ಎರಡು ಮಳೆಗಾಲ ಕಂಡ ಜೆಟ್ ಸ್ಕೀ: ಇಂಜಿನ್ ಉಳಿಯುತ್ತದೆಯೇ?

ಪ್ರಶ್ನೆ: ಕುಂದಾಪುರದ ಹತ್ತಿರ ಪಂಚಗಂಗಾವಳಿ ಹಿನ್ನೀರಿನ ದಡದಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಗೋವಾದಲ್ಲಿ ವ್ಯವಹಾರ ಮುಚ್ಚಿದವರೊಬ್ಬರಿಂದ 2008ರ ಯಮಹಾ ವಿಎಕ್ಸ್110 ಡಿಲಕ್ಸ್ ಜೆಟ್ ಸ್ಕೀಯನ್ನು 1.70 ಲಕ್ಷ ರೂಪಾಯಿಗೆ ತಂದೆ. ಎರಡು ಮಳೆಗಾಲ ತಾರ್ಪಾಲಿನ ಕೆಳಗೆ ಬಿದ್ದಿತ್ತು. "ಬ್ಯಾಟರಿ ಒಂದು ಹಾಕಿದರೆ ಸಾಕು" ಎಂದಿದ್ದರು. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಒತ್ತಿದರೆ 'ಟಕ್' ಎಂದು ನಿಲ್ಲುತ್ತಿತ್ತು. ಊರಿನ ಬೈಕ್ ಮೆಕ್ಯಾನಿಕ್ ಪ್ಲಗ್ ಬಿಚ್ಚಿದಾಗ ಎರಡು ಸಿಲಿಂಡರಿನಿಂದ ಕಂದು ನೀರು ಬಂತು. ಡೀಸೆಲ್ ಹಾಕಿ ಒಂದು ರಾತ್ರಿ ಬಿಟ್ಟು, ಕೈಯಿಂದ ತಿರುಗಿಸಿ ಬಿಡಿಸಿದರು. ಮರುದಿನ ಪೆಟ್ರೋಲ್ ಸ್ಪ್ರೇ ಮಾಡಿ ಸ್ಟಾರ್ಟ್ ಮಾಡಿದರು. ನೀರಿನ ಪೈಪ್ ಕೊಡದೆ ಎರಡು ಮೂರು ನಿಮಿಷ ಓಡಿತು. ಇಡೀ ಬಾಡಿ ನಡುಗುತ್ತಿತ್ತು, ಬಿಳಿ ಹೊಗೆ ಬಂತು. ಆಮೇಲೆ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಹಾಲು ಹಾಕಿದ ಚಹಾದ ಹಾಗಿದೆ. ಆಯಿಲ್ ಬದಲಿಸಿ ಓಡಿಸಿದರೆ ಸರಿಯಾಗುತ್ತದೆ ಎನ್ನುತ್ತಾರೆ ಒಬ್ಬರು. ಸಿಲಿಂಡರಿನ ಒಳಗೋಡೆ ಕೊರೆಸಿ ಬೋರ್ ಮಾಡಿಸಿ ಎನ್ನುತ್ತಾರೆ ಇನ್ನೊಬ್ಬರು. ಇದು ಯಮಹಾ ಆರ್1 ಬೈಕಿನದೇ ಇಂಜಿನ್, ಹಳೆಯದೊಂದು ತಂದು ಕೂರಿಸಿ ಎಂದವರೂ ಇದ್ದಾರೆ. ಇಂಜಿನ್ ಮುಗಿಯಿತೇ? ಇನ್ನೆಷ್ಟು ಹಣ ಹಾಕಬಹುದು? ಡಿಸೆಂಬರಿಗೆ ಅತಿಥಿಗಳಿಗೆ ಓಡಿಸುವ ಆಸೆ ಇದೆ.

ಉತ್ತರ: ಇವತ್ತೇ ಆಗಬೇಕಾದ ಕೆಲಸವನ್ನು ಮೊದಲು ಹೇಳುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿ. ಸೆಲ್ಫ್ ಮತ್ತೆ ಒತ್ತಬೇಡಿ. ಆ ಆಯಿಲನ್ನು ಇವತ್ತೇ ಹೊರಗೆ ತೆಗೆಸಿ, ಹೊಸ ಆಯಿಲ್ ಹಾಕಿಸಿ, ನಾಲ್ಕೂ ಪ್ಲಗ್ ರಂಧ್ರಗಳಿಗೆ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಪ್ಲಗ್ ಇಲ್ಲದೆಯೇ ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿ. ಉಪ್ಪುನೀರು ಕಲಸಿದ ಆಯಿಲ್ ಬೇರಿಂಗುಗಳ ಮೇಲೆ ಕೂತಿದ್ದರೆ ತುಕ್ಕು ನೀವು ಎಣಿಸಿದ್ದಕ್ಕಿಂತ ಬೇಗ ಹಿಡಿಯುತ್ತದೆ. ಎರಡು ವರ್ಷ ಕೂತು ಆಗದ ಹಾನಿ ಸ್ಟಾರ್ಟ್ ಮಾಡಿ ಒಂದು ವಾರ ಬಿಟ್ಟರೆ ಆಗಬಹುದು. ಈಗ ನೀರು, ಗಾಳಿ, ಉಪ್ಪು ಮೂರೂ ಇಂಜಿನ್ನಿನ ಮೂಲೆಮೂಲೆಗೂ ಹೋಗಿವೆ.

ಇಂಜಿನ್ ಮುಗಿಯಿತು ಎಂದು ನೀವು ಬರೆದಷ್ಟರಿಂದ ಹೇಳಲು ಬರುವುದಿಲ್ಲ. ನೀವು ಭಯಪಟ್ಟಷ್ಟು ಕೆಟ್ಟಿರಲಿಕ್ಕಿಲ್ಲ ಎಂದೇ ನನ್ನ ಅಂದಾಜು. ಆದರೆ ಸ್ಟಾರ್ಟ್ ಆಯಿತು ಎಂಬುದನ್ನು ಒಳ್ಳೆಯ ಲಕ್ಷಣ ಎಂದು ತೆಗೆದುಕೊಳ್ಳಬೇಡಿ. ಎರಡು ಸಿಲಿಂಡರ್ ಸರಿಯಿದ್ದರೂ ಈ ಇಂಜಿನ್ ಸ್ಟಾರ್ಟ್ ಆಗುತ್ತದೆ. ನಮಗೆ ಗೊತ್ತಾಗಬೇಕಾದ್ದು ಎರಡು: ನೀರು ಎಲ್ಲಿಂದ ಒಳಗೆ ಬಂತು, ಬಂದು ಏನನ್ನು ಕೆಡಿಸಿತು. ಇದು ತಿಳಿಯುವ ಮುಂಚೆ ಯಾವ ಪಾರ್ಟ್‌ಗೂ ಹಣ ಕೊಡಬೇಡಿ.

ಈ ಇಂಜಿನ್ ತಣ್ಣಗಾಗುವ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಿಮ್ಮ ಸಮಸ್ಯೆಯ ಬೇರು ಅಲ್ಲಿದೆ. ಕಾರಿಗಿರುವ ಹಾಗೆ ಇದಕ್ಕೆ ರೇಡಿಯೇಟರ್ ಇಲ್ಲ. ಹಿಂದಿನ ಜೆಟ್ ಪಂಪ್ ಎಳೆದ ನೀರಿನಲ್ಲೇ ಒಂದು ಪಾಲು ಇಂಜಿನ್ನಿನ ಸುತ್ತ ಹರಿದು ಬಿಸಿ ತೆಗೆದು, ಒಂದಿಷ್ಟು ಸೈಲೆನ್ಸರ್ ಪೈಪಿನೊಳಗೆ ಹೊಗೆಯ ಜತೆ ಸೇರಿ ಹೊರಗೆ ಹೋಗುತ್ತದೆ. ಅಂದರೆ ಹೊಗೆಯ ದಾರಿಯಲ್ಲಿ ಯಾವಾಗಲೂ ನೀರಿರುತ್ತದೆ. ಇಂಜಿನ್ ಓಡುವಾಗ ಹೊಗೆಯ ಒತ್ತಡ ಆ ನೀರನ್ನು ಹೊರಗೆ ತಳ್ಳುತ್ತದೆ. ಇಂಜಿನ್ ನಿಂತಿರುವಾಗ ನೀರು ಬರುತ್ತಲೇ ಇದ್ದರೆ ತಳ್ಳುವವರಿಲ್ಲ. ಅದು ಹಿಂದಕ್ಕೆ ತುಂಬಿ, ತೆರೆದಿರುವ ಎಕ್ಸಾಸ್ಟ್ ವಾಲ್ವ್ ಮೂಲಕ ಸಿಲಿಂಡರಿಗೆ ಇಳಿಯುತ್ತದೆ.

ಇದು ಆಗುವುದು ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ. ಸಿಹಿನೀರಿನಿಂದ ತೊಳೆಯುವಾಗ ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ನಲ್ಲಿ ತಿರುಗಿಸಿದರೆ. ಕೆಟ್ಟು ನಿಂತ ಜೆಟ್ ಸ್ಕೀಯನ್ನು ಬೋಟಿಗೆ ಕಟ್ಟಿ ಜೋರಾಗಿ ಎಳೆದರೆ, ಆಗ ಪಂಪಿನ ಬಾಯಿಯಿಂದ ನೀರು ತಾನಾಗಿ ನುಗ್ಗುತ್ತದೆ. ಮಗುಚಿದಾಗ ತಪ್ಪು ದಿಕ್ಕಿಗೆ ತಿರುಗಿಸಿ ಎಬ್ಬಿಸಿದರೆ. ಹಿಂಬದಿಯಲ್ಲಿ ಯಾವ ದಿಕ್ಕಿಗೆ ತಿರುಗಿಸಬೇಕೆಂದು ಸ್ಟಿಕ್ಕರ್ ಅಂಟಿಸಿರುತ್ತಾರೆ, ಬೀಚಿನಲ್ಲಿ ಅದನ್ನು ನೋಡುವವರು ಕಡಿಮೆ. ನಾಲ್ಕನೆಯದು ಇವೆಲ್ಲಕ್ಕಿಂತ ಕೆಟ್ಟದ್ದು, ಇಡೀ ಗಾಡಿಯೇ ಮುಳುಗಿರುವುದು.

ನಿಮ್ಮ ಗಾಡಿಗೆ ಇವುಗಳಲ್ಲಿ ಯಾವುದಾಗಿದೆ ಎಂಬುದನ್ನು ಮಾರಿದವರು ಹೇಳದಿದ್ದರೂ ಗಾಡಿಯೇ ಹೇಳುತ್ತದೆ. ಸೀಟು ತೆಗೆದು ಟಾರ್ಚ್ ಹಾಕಿ ಇಂಜಿನ್ ಕೋಣೆಯ ಒಳಗೋಡೆಯನ್ನು ಸುತ್ತ ನೋಡಿ. ನೀರು ನಿಂತು ಒಣಗಿದ್ದರೆ ಒಂದು ಮಾಸಲು ಗೆರೆ ಇರುತ್ತದೆ, ಬೆರಳಿನಿಂದ ಉಜ್ಜಿದರೆ ಮಣ್ಣಿನ ಪುಡಿ ಕೈಗೆ ಬರುತ್ತದೆ. ಗೆರೆ ಎಷ್ಟು ಎತ್ತರಕ್ಕಿದೆ ನೋಡಿಕೊಳ್ಳಿ. ಆಮೇಲೆ ಗಾಳಿ ಎಳೆಯುವ ಏರ್ ಬಾಕ್ಸ್ ಬಿಚ್ಚಿ. ಅದರ ತಳದಲ್ಲಿ ನುಣ್ಣನೆಯ ಹೊಯ್ಗೆ ಅಥವಾ ಕೆಸರಿನ ಪದರ ಇದ್ದರೆ ಗಾಡಿ ಮುಳುಗಿದೆ, ವಯರಿಂಗ್ ಕೂಡ ಅನುಮಾನದ್ದೇ. ಏರ್ ಬಾಕ್ಸ್ ಚೊಕ್ಕಟವಾಗಿದ್ದು ಸಿಲಿಂಡರಿನಲ್ಲಿ ಮಾತ್ರ ನೀರಿದ್ದರೆ ಅದು ಸೈಲೆನ್ಸರ್ ಕಡೆಯಿಂದ ಬಂದ ನೀರು. ಎರಡನೆಯದಾಗಿದ್ದರೆ ನೀವು ಅದೃಷ್ಟವಂತರು. ಪ್ಲಗ್ ರಂಧ್ರದಿಂದ ಬಂದ ಕಂದು ನೀರಿನ ನಾಲ್ಕು ಹನಿಯನ್ನು ಸ್ಟೀಲ್ ತಟ್ಟೆಯಲ್ಲಿ ಒಣಗಲು ಬಿಡಿ. ಬಿಳಿ ಹರಳು ಉಳಿದರೆ ಉಪ್ಪುನೀರು, ಕೆಲಸ ಅವಸರದ್ದು.

ಇನ್ನು ಆ ಬಿಳಿ ಹೊಗೆ. "ಹೆಡ್ ಗ್ಯಾಸ್ಕೆಟ್ ಹೋಗಿದೆ", ಅಂದರೆ ಸಿಲಿಂಡರಿನ ಮೇಲ್ಮುಚ್ಚಳದ (ಹೆಡ್) ಕೆಳಗಿನ ಸೀಲ್ ಕೆಟ್ಟಿದೆ, ಎಂದು ಯಾರಾದರೂ ಆಗಲೇ ಹೇಳಿರುತ್ತಾರೆ. ನಿಮ್ಮ ವಿವರಣೆ ಅದಕ್ಕೆ ಸಾಕ್ಷಿಯಾಗುವುದಿಲ್ಲ. ಆ ದಿನ ನೀವು ನೀರಿನ ಪೈಪ್ ಕೊಟ್ಟೇ ಇರಲಿಲ್ಲ. ಗ್ಯಾಸ್ಕೆಟ್ ಮೂಲಕ ಸೋರಲು ಕೂಲಿಂಗ್ ದಾರಿಯಲ್ಲಿ ಹೊಸ ನೀರೇ ಇಲ್ಲದಾಗ, ಹೊಗೆಯಾಗಿ ಹೋದದ್ದು ಸಿಲಿಂಡರಿನಲ್ಲೂ ಸೈಲೆನ್ಸರ್ ವಾಟರ್ ಬಾಕ್ಸಿನಲ್ಲೂ ಮೊದಲೇ ಕೂತಿದ್ದ ನೀರು. ಆಯಿಲ್ ಬೆಳ್ಳಗಾದದ್ದೂ ಬಹುಪಾಲು ಹಾಗೆಯೇ, ಸಿಲಿಂಡರಿನ ನೀರು ದಿನಗಟ್ಟಲೆ ಪಿಸ್ಟನ್ ರಿಂಗುಗಳ ಸಂದಿಯಿಂದ ಇಳಿದು ಆಯಿಲಿಗೆ ಸೇರಿರುತ್ತದೆ. ನಿಮ್ಮ ಮೆಕ್ಯಾನಿಕ್ ಹಾಕಿದ ಡೀಸೆಲ್ ಕೂಡ ಅಲ್ಲಿಗೇ ಇಳಿದಿದೆ. ಜಾಮ್ ಬಿಡಿಸಲು ಡೀಸೆಲ್ ಹಾಕಿ ಕಾದದ್ದು ತಪ್ಪಲ್ಲ, ಅವಸರ ಮಾಡದೆ ಕೈಯಿಂದ ತಿರುಗಿಸಿದ್ದಕ್ಕೆ ಅವರನ್ನು ಮೆಚ್ಚಬೇಕು. ಅದೇ ಆಯಿಲಿನಲ್ಲಿ ಓಡಿಸಿದ್ದು ಮಾತ್ರ ಆಗಬಾರದಿತ್ತು.

ನೀರಿಲ್ಲದೆ ಓಡಿಸಿದ್ದರಿಂದ ಪಿಸ್ಟನ್ ಹಿಡಿದಿರಬಹುದೆಂಬ ಚಿಂತೆ ನಿಮಗಿರಬಹುದು. ಐಡಲಿನಲ್ಲಿ, ಅಂದರೆ ಥ್ರಾಟಲ್ ಒತ್ತದೆ, ಎರಡು ಮೂರು ನಿಮಿಷಕ್ಕೆ ಅಷ್ಟು ದೂರ ಹೋಗುವ ಸಂಭವ ಕಡಿಮೆ. ಮೊದಲು ಸುಡುವುದು ರಬ್ಬರ್. ಸೈಲೆನ್ಸರಿನ ಹೋಸುಗಳು ಒಳಗೆ ನೀರು ಹರಿಯುತ್ತದೆ ಎಂಬ ನಂಬಿಕೆಯ ಮೇಲೆ ಮಾಡಿದವು, ಬರೀ ಬೆಂಕಿ ಹೊಗೆ ಹೋದರೆ ಒಳಪದರ ಉಬ್ಬಿ ಕಳಚುತ್ತದೆ. ಕಂಪನಿಯ ಮ್ಯಾನ್ಯುವಲ್ಲಿನಲ್ಲಿ ನೀರಿಲ್ಲದೆ ಓಡಿಸಲು ಕೊಟ್ಟಿರುವ ಮಿತಿ 15 ಸೆಕೆಂಡ್. ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ. ಗಟ್ಟಿಯಾಗಿ ಬಿರಿದಿದ್ದರೆ, ಗುಳ್ಳೆ ಎದ್ದಿದ್ದರೆ ಬದಲಿಸಲೇಬೇಕು. ಅಲ್ಲಿ ಸೋರಿದರೆ ನೀರು ತುಂಬುವುದು ಗಾಡಿಯ ಹೊಟ್ಟೆಗೆ.

ಈಗ ನಿಮಗೆ ಸಿಕ್ಕಿರುವ ಸಲಹೆಗಳು. ಆರ್1 ಬೈಕಿನ ಇಂಜಿನ್ ಎಂಬುದರಲ್ಲಿ ಅರ್ಧ ಸತ್ಯವಿದೆ. ಯಮಹಾ 2002ರಲ್ಲಿ ಎಫ್‌ಎಕ್ಸ್140 ಮಾದರಿಗೆ ತಂದ ಎಂಆರ್-1 ಇಂಜಿನ್ ಹುಟ್ಟಿದ್ದು ಆರ್1 ಬೈಕಿನ ವಿನ್ಯಾಸದಿಂದಲೇ. 2005ರಿಂದ ಬಂದ ವಿಎಕ್ಸ್110ರಲ್ಲಿರುವುದು ಅದರ 1,052 ಸಿಸಿ, ನಾಲ್ಕು ಸಿಲಿಂಡರಿನ ರೂಪ. ಅಲ್ಲಿಗೆ ನೆಂಟಸ್ತಿಕೆ ಮುಗಿಯುತ್ತದೆ. ಬೈಕಿನದರಲ್ಲಿ ಗೇರ್‌ಬಾಕ್ಸ್ ಇಂಜಿನ್ನಿನ ಹೊಟ್ಟೆಯೊಳಗೇ ಇದೆ, ಆಯಿಲ್ ಕೆಳಗಿನ ಸಂಪಿನಲ್ಲಿದೆ, ಕೂಲಿಂಗ್ ರೇಡಿಯೇಟರಿನದು. ಇದರಲ್ಲಿ ಗೇರಿಲ್ಲ, ಆಯಿಲಿಗೆ ಬೇರೆ ಟ್ಯಾಂಕ್, ಉಪ್ಪುನೀರು ಹರಿಯುವ ದಾರಿ, ಪಂಪಿಗೆ ನೇರ ಜೋಡಣೆ. ಬೈಕಿನ ಇಂಜಿನ್ ತಂದರೆ ಒಂದು ಬೋಲ್ಟೂ ಕೂರುವುದಿಲ್ಲ.

ಬೋರ್ ಮಾಡಿಸುವ ಮಾತನ್ನು ಸದ್ಯ ಬದಿಗಿಡಿ. ಕಂಪ್ರೆಶನ್ (ಸಿಲಿಂಡರಿನೊಳಗೆ ಹುಟ್ಟುವ ಒತ್ತಡ) ಅಳೆಯದೆ ಬೋರ್ ಹೇಳುವುದು ಜ್ವರ ನೋಡದೆ ಆಪರೇಷನ್ ಬರೆದ ಹಾಗಾಯಿತು. ಓವರ್‌ಸೈಜ್ ಪಿಸ್ಟನ್ ಸಿಗುತ್ತದೋ ಇಲ್ಲವೋ ವಿಚಾರಿಸದೆ, ಸರ್ವಿಸ್ ಮ್ಯಾನ್ಯುವಲ್ಲಿನಲ್ಲಿ ಬೋರಿನ ಒಳಗೋಡೆ ಯಾವ ಬಗೆಯದೆಂದು ನೋಡದೆ ಬ್ಲಾಕನ್ನು ಲೇತಿಗೆ ಕೊಟ್ಟರೆ ಉಳಿಯಬಹುದಾಗಿದ್ದದ್ದೂ ಹೋಗುತ್ತದೆ. ಉಪ್ಪು ಕರಗಿಸಲು ಬಾತ್‌ರೂಮ್ ತೊಳೆಯುವ ಆಸಿಡ್ ಬಿಡಿ ಎಂದೂ ಯಾರಾದರೂ ಹೇಳಬಹುದು, ಕರಾವಳಿಯ ಕೆಲವು ಕಡೆ ಇದು ನಡೆಯುತ್ತದೆ. ಖಂಡಿತ ಬೇಡ. ಇಂಜಿನ್ ಅಲ್ಯೂಮಿನಿಯಂ, ಆ ಆಸಿಡ್ ಉಪ್ಪಿಗಿಂತ ಮೊದಲು ಲೋಹವನ್ನೇ ತಿನ್ನುತ್ತದೆ.

"ಆಯಿಲ್ ಬದಲಿಸಿ ಓಡಿಸಿ" ಎಂದವರ ಮಾತು ಸರಿಯಾದ ದಾರಿಯ ಮೊದಲ ಹೆಜ್ಜೆ, ಪೂರ್ತಿ ದಾರಿಯಲ್ಲ. ಆಯಿಲನ್ನು ಡಿಪ್‌ಸ್ಟಿಕ್ ರಂಧ್ರದಿಂದ ಹೀರುವ ಪಂಪಿನಿಂದ ತೆಗೆಯಬೇಕು. ಒಂದೇ ಸಲಕ್ಕೆ ಎಲ್ಲ ಬರುವುದಿಲ್ಲ, ಒಂದು ಪಾಲು ಒಳಗೇ ಉಳಿಯುತ್ತದೆ. ಹಾಗಾಗಿ ಸಾಧಾರಣ ಬೆಲೆಯ 10ಡಬ್ಲ್ಯೂ-40 ಆಯಿಲ್ ಹಾಕಿ, ನೀರಿನ ಪೈಪ್ ಕೊಟ್ಟು ಕೆಲವು ನಿಮಿಷ ಐಡಲಿನಲ್ಲಿ ಓಡಿಸಿ, ಮತ್ತೆ ತೆಗೆಯಬೇಕು. ಆಯಿಲ್ ಮೂಲ ಬಣ್ಣಕ್ಕೆ ಬರುವವರೆಗೆ ಇದೇ ಕೆಲಸ, ಮೂರು ನಾಲ್ಕು ಸಲ ಬೇಕಾಗಬಹುದು. ಪ್ರತಿ ಸಲವೂ ಫಿಲ್ಟರ್ ಹೊಸದು. ಆದರೆ ಹೀಗೆ ಓಡಿಸುವುದು ಮುಂದೆ ಹೇಳುವ ಪರೀಕ್ಷೆಗಳಲ್ಲಿ ಇಂಜಿನ್ ಪಾಸಾದ ಮೇಲೆ ಮಾತ್ರ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ನೀರು ತುಂಬಿದ ಸಿಲಿಂಡರಿನ ಮೇಲೆ ಸೆಲ್ಫ್ ಹೊಡೆದಾಗ ಪಿಸ್ಟನ್ ನೀರನ್ನು ಒತ್ತಲಾರದೆ ನಿಲ್ಲುತ್ತದೆ, ನೀವು ಕೇಳಿದ 'ಟಕ್' ಬಹುಶಃ ಅದೇ. ಮತ್ತೆ ಮತ್ತೆ ಒತ್ತಿದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುವುದುಂಟು. ನೋಡುವುದು ಹೀಗೆ: ಪ್ಲಗ್ ತೆಗೆದು ತೆಳ್ಳಗಿನ ನೇರವಾದ ಮರದ ಕಡ್ಡಿಯೊಂದನ್ನು ರಂಧ್ರದಲ್ಲಿಳಿಸಿ, ಇಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ನಿಧಾನ ತಿರುಗಿಸಿ. ಕಡ್ಡಿ ಮೇಲೇರಿ ಇನ್ನು ಇಳಿಯಬೇಕು ಎನ್ನುವ ಜಾಗದಲ್ಲಿ ರಂಧ್ರದ ಅಂಚಿಗೆ ಸರಿಯಾಗಿ ಪೆನ್ಸಿಲ್ ಗುರುತು ಹಾಕಿ. ನಾಲ್ಕೂ ಸಿಲಿಂಡರಿಗೆ ಅದೇ ಕಡ್ಡಿ. ಒಂದು ಮತ್ತು ನಾಲ್ಕನೆಯ ಪಿಸ್ಟನ್ ಒಟ್ಟಿಗೆ ಏರುತ್ತವೆ, ಎರಡು ಮತ್ತು ಮೂರನೆಯವು ಒಟ್ಟಿಗೆ. ನಾಲ್ಕು ಗುರುತೂ ಒಂದೇ ಕಡೆ ಬಿದ್ದರೆ ನೆಮ್ಮದಿ. ನೀರಿದ್ದ ಸಿಲಿಂಡರಿನ ಪಿಸ್ಟನ್ ಉಳಿದವುಗಳಷ್ಟು ಮೇಲಕ್ಕೆ ಬರದಿದ್ದರೆ ರಾಡ್ ಬಾಗಿದೆ. ಡಯಲ್ ಗೇಜ್ ಇದ್ದವರಿಂದ ಒಮ್ಮೆ ಖಚಿತ ಮಾಡಿಸಿಕೊಳ್ಳಿ. ರಾಡ್ ಬಾಗಿದ ಇಂಜಿನ್ನನ್ನು ಓಡಿಸಬಾರದು, ಓಡಿದಷ್ಟು ದಿನ ಓಡಿ ಒಂದು ದಿನ ರಾಡ್ ಬ್ಲಾಕ್ ಒಡೆದು ಹೊರಗೆ ಬರುತ್ತದೆ.

ಎರಡನೆಯದು ಕಂಪ್ರೆಶನ್. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ಹಿಡಿದಿರಬೇಕು, ಕರೆಂಟು ಬರುವ ಪ್ಲಗ್ ವಯರುಗಳನ್ನು ಅರ್ತ್ ಮಾಡಿರಬೇಕು. ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಶೇ 10ರೊಳಗಿದ್ದರೆ ಒಳ್ಳೆಯದು. ಯಾವುದಾದರೂ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಮೇಲೇರಿದರೆ ದೋಷ ರಿಂಗಿನದು, ಏರದಿದ್ದರೆ ಬಹುಪಾಲು ವಾಲ್ವಿನದು. ಇನ್ನೂ ಸ್ಪಷ್ಟ ಬೇಕೆಂದರೆ ಆ ಪಿಸ್ಟನ್ನನ್ನು ಕಂಪ್ರೆಶನ್ನಿನ ತುದಿಯಲ್ಲಿ, ವಾಲ್ವುಗಳೆಲ್ಲ ಮುಚ್ಚಿರುವಾಗ, ಮೇಲಿಟ್ಟು ಪ್ಲಗ್ ರಂಧ್ರದಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡಿ. ಸೈಲೆನ್ಸರಿನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಡಿಯಲ್ಲಾದರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗ್, ಪಕ್ಕದ ಪ್ಲಗ್ ರಂಧ್ರದಲ್ಲಾದರೆ ಹೆಡ್ ಗ್ಯಾಸ್ಕೆಟ್. ಬೈಕ್ ಮೆಕ್ಯಾನಿಕ್ಕೇ ಇದನ್ನು ಮಾಡಬಲ್ಲರು, ಮಲ್ಪೆಗೋ ಗಂಗೊಳ್ಳಿಗೋ ಹೊತ್ತೊಯ್ಯುವ ಅಗತ್ಯ ಈ ಹಂತದಲ್ಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮೆಕ್ಯಾನಿಕ್ ಬೈಕ್ ಅಭ್ಯಾಸ ಬಿಡಬೇಕು. ಬೈಕಿನ ಪೆಟ್ರೋಲ್ ಹಬೆ ಗಾಳಿಗೆ ಹೋಗುತ್ತದೆ, ಇದರದ್ದು ಇಂಜಿನ್ ಕೋಣೆಯ ತಳದಲ್ಲಿ ಕೂರುತ್ತದೆ. ಅಲ್ಲಿ ಪೆಟ್ರೋಲ್ ಸ್ಪ್ರೇ ಮಾಡಿ ಸೆಲ್ಫ್ ಹೊಡೆದರೆ ಒಂದು ಕಿಡಿ ಸಾಕು. ಸೀಟು ತೆಗೆದು ಹತ್ತು ನಿಮಿಷ ಗಾಳಿಯಾಡಲು ಬಿಡದೆ ಯಾವತ್ತೂ ಸ್ಟಾರ್ಟ್ ಮಾಡಬೇಡಿ. ಈ ಕಾರಣಕ್ಕೆ ಸುಟ್ಟುಕೊಂಡವರಿದ್ದಾರೆ.

ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲ್ ಪೂರ್ತಿ ತೆಗೆಯಿರಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹೆಚ್ಚಾದಾಗ ನೀರಿನೊಂದಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಪಂಪ್ ಎಳೆಯುವುದೂ ತಳದಿಂದಲೇ. ನಮ್ಮ ಮಳೆಗಾಲದ ತೇವದಲ್ಲಿ ಇದಕ್ಕೆ ಹೆಚ್ಚು ದಿನ ಬೇಡ. ಪೆಟ್ರೋಲ್ ಪಂಪಿನ ಜಾಲರಿ, ಇಂಜೆಕ್ಟರುಗಳನ್ನು ಕ್ಲೀನ್ ಮಾಡಿಸಿ. ವಯರಿಂಗಿನಲ್ಲಿ ಮೊದಲು ಅರ್ತ್ ಕೇಬಲ್, ಸ್ಟಾರ್ಟರ್ ರಿಲೇ ನೋಡಿ. ಹೊರಗೆ ಚೆನ್ನಾಗಿ ಕಂಡರೂ ರಬ್ಬರ್ ಸರಿಸಿದರೆ ಹಸಿರು ಕಿಲುಬು ಕಾಣುತ್ತದೆ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಮತ್ತೊಂದು: ಡಿಲಕ್ಸ್ ಮಾದರಿಗೆ ಲಾಕ್ ಮಾಡುವ ರಿಮೋಟ್ ಇದೆ. ಮಾರಿದವರಿಂದ ಅದನ್ನು ಈಗಲೇ ಕೇಳಿ ತರಿಸಿಕೊಳ್ಳಿ, ಗಾಡಿ ಲಾಕ್ ಆದರೆ ರಿಮೋಟ್ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಆಮದಿನ ಕಾಗದ, ಬಿಲ್ಲು ಇದ್ದರೆ ಅದನ್ನೂ ಕೇಳಿ.

ಜೆಟ್ ಪಂಪಿನೊಳಗೆ ನೀರು ತಳ್ಳುವ ರೆಕ್ಕೆಯ ಚಕ್ರಕ್ಕೂ (ಇಂಪೆಲ್ಲರ್) ಅದರ ಸುತ್ತಲಿನ ರಿಂಗಿಗೂ ನಡುವೆ ಕೂದಲೆಳೆಯಷ್ಟೇ ಜಾಗ ಇರಬೇಕು. ಬೀಚಿನಲ್ಲಿ ಬಾಡಿಗೆಗೆ ಓಡಿದ ಗಾಡಿ ಹೊಯ್ಗೆ ಎಳೆದು ಎಳೆದು ಅದನ್ನು ಸವೆಸಿರುತ್ತದೆ. ಇಂಜಿನ್ ಕಿರುಚಿ ಗಾಡಿ ಮುಂದೆ ಹೋಗದಿದ್ದರೆ ಇಂಜಿನ್ನನ್ನು ದೂರಬೇಡಿ.

ಇನ್ನು ಹಣದ ಲೆಕ್ಕ. ಇದೇ ವಯಸ್ಸಿನ, ಚೆನ್ನಾಗಿ ಓಡುತ್ತಿರುವ ಗಾಡಿಗೆ ಗೋವಾದಲ್ಲಿ ಈಗ ಎಷ್ಟಿದೆ ಎಂದು ಎರಡು ಕಡೆ ವಿಚಾರಿಸಿ. ನೀವು ಆಗಲೇ ಕೊಟ್ಟದ್ದೂ ಇನ್ನು ಹಾಕುವುದೂ ಸೇರಿ ಆ ಬೆಲೆಯನ್ನು ದಾಟುವಂತಿದ್ದರೆ ನಿಲ್ಲಿಸಬೇಕು.

ಕಡ್ಡಿಯ ಗುರುತು ಸಮ, ಕಂಪ್ರೆಶನ್ ಸಮ, ಆಯಿಲ್ ತೊಳೆದ ಮೇಲೆ ನೀರಿನ ಪೈಪ್ ಕೊಟ್ಟು ಓಡಿಸಿದರೂ ಮತ್ತೆ ಬೆಳ್ಳಗಾಗಲಿಲ್ಲ ಎಂದರೆ ಇಂಜಿನ್ ಬಿಚ್ಚಬೇಡಿ. ಆಯಿಲ್, ಪ್ಲಗ್, ಹೋಸು, ಪೆಟ್ರೋಲ್ ಸಾಮಾನಿನಲ್ಲಿ ಮುಗಿಯುತ್ತದೆ. ಬೇರಿಂಗಿನಲ್ಲಿ ಕಾಣದ ತುಕ್ಕು ಇರಬಹುದೆಂಬ ಅಪಾಯ ಉಳಿಯುತ್ತದೆ, ಹಾಗಾಗಿ ಮೊದಲ ಕೆಲವು ಗಂಟೆ ದಡದ ಹತ್ತಿರವೇ, ಜತೆಗೊಂದು ದೋಣಿ ಇಟ್ಟುಕೊಂಡು ಓಡಿಸಿ. ಅಳಿವೆಯ ಕಡೆ ಹೋಗಲೇಬೇಡಿ, ಇಳಿತದ ಹೊತ್ತಿಗೆ ಕೆಟ್ಟು ನಿಂತರೆ ಸೆಳೆತ ನೇರ ಸಮುದ್ರಕ್ಕೆ ಒಯ್ಯುತ್ತದೆ.

ಆಯಿಲ್ ಮತ್ತೆ ಬೆಳ್ಳಗಾದರೆ ನೀರು ಈಗಲೂ ಸೋರುತ್ತಿದೆ. ಆಗ ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್, ತುಕ್ಕು ತಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೂರನ್ನೂ ನೋಡಿಸಬೇಕು. ವಾಲ್ವ್ ದೋಷ ಬಂದರೂ ಹೆಡ್ ಇಳಿಸಬೇಕಾಗುತ್ತದೆ. ವಾಲ್ವ್ ಕೂರುವ ಸೀಟಿನ ಮೇಲೆ ಮಾತ್ರ ತುಕ್ಕು ಕೂತಿದ್ದರೆ ಉಜ್ಜಿ ಕೂರಿಸಬಹುದು. ಇಲ್ಲಿ ಹೆದರಿಕೆ ಇರುವುದು ಬೋಲ್ಟುಗಳದ್ದು. ಅಲ್ಯೂಮಿನಿಯಂ ಒಳಗೆ ಸ್ಟೀಲ್ ಬೋಲ್ಟ್, ನಡುವೆ ವರ್ಷಗಟ್ಟಲೆ ಉಪ್ಪು, ಎರಡೂ ಕಚ್ಚಿಕೊಂಡಿರುತ್ತವೆ. ಒಂದೇ ಏಟಿಗೆ ಬಿಚ್ಚಹೋದರೆ ತುಂಡಾಗುತ್ತದೆ. ತುಕ್ಕು ಬಿಡಿಸುವ ಆಯಿಲ್ ಹಾಕಿ ದಿನಗಟ್ಟಲೆ ಕಾಯುವ, ಬಿಸಿ ಮಾಡಿ ಹಿಂದೆ ಮುಂದೆ ಆಡಿಸುವ ತಾಳ್ಮೆ ಇರುವವರಿಗೇ ಕೆಲಸ ಕೊಡಿ. ಗ್ಯಾಸ್ಕೆಟ್ ಸೆಟ್ಟಿನ ಬೆಲೆ, ಬರುವ ದಿನ ಎರಡೂ ಗೊತ್ತಾದ ಮೇಲೆ ಹೆಡ್ ಇಳಿಸಿ. ಬಿಚ್ಚಿಟ್ಟ ಇಂಜಿನ್ ಪಾರ್ಟಿಗಾಗಿ ಕಾದು ಕಾದು ಗುಜರಿಗೆ ಹೋಗುವುದನ್ನು ಈ ಕರಾವಳಿಯಲ್ಲಿ ಬಹಳ ನೋಡಿದ್ದೇನೆ.

ರಾಡ್ ಬಾಗಿದ್ದರೆ, ಬೋರಿನಲ್ಲಿ ಆಳವಾದ ತುಕ್ಕಿನ ಕುಳಿ ಇದ್ದರೆ, ಅದೇ ಮಾದರಿಯ ಬಳಸಿದ ಇಂಜಿನ್ ಹುಡುಕುವುದೊಂದು ದಾರಿ. ಡಯಗ್ನೋಸ್ಟಿಕ್ ಸಾಫ್ಟ್‌ವೇರ್ ಹಾಕಿ ಎಷ್ಟು ಗಂಟೆ ಓಡಿದೆ ಎಂದು ತೋರಿಸದವರಿಂದ, ನಿಮ್ಮೆದುರು ಕಂಪ್ರೆಶನ್ ಅಳೆಯಲು ಬಿಡದವರಿಂದ ಕೊಳ್ಳಬೇಡಿ. ಆ ಹಂತದಲ್ಲಿ ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಬಿಡಿಭಾಗಗಳಾಗಿ ಮಾರಿಬಿಡುವುದು ಮೇಲು. ಪಂಪ್, ರಿಮೋಟ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಬಾಡಿ ಎಲ್ಲಕ್ಕೂ ಹುಡುಕುವವರಿದ್ದಾರೆ.

ಅತಿಥಿಗಳ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಇಂಜಿನ್ ಚೆನ್ನಾಗಿ ಎದ್ದು ನಿಂತರೂ ಈ ಡಿಸೆಂಬರಿಗೆ ಬೇಡ. ಒಂದು ಸೀಸನ್ ನೀವೇ ಓಡಿಸಿ ನಂಬಿಕೆ ಬರಬೇಕು. ಹಿನ್ನೀರಿನಲ್ಲಿ ಯಂತ್ರದ ದೋಣಿ ಓಡಿಸಲು 2021ರ ಒಳನಾಡು ಜಲನೌಕೆಗಳ ಕಾಯ್ದೆಯಡಿ ನೋಂದಣಿ, ವಿಮೆ ಇವೆಲ್ಲ ಬರುತ್ತವೆ. ಬಾಡಿಗೆ ಓಡಾಟಕ್ಕೆ ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆಯನ್ನು ಮೊದಲೇ ವಿಚಾರಿಸಿ. ಓಡಿಸುವವರಿಗೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಸಿಗುತ್ತದೆ. ಲೈಫ್ ಜಾಕೆಟ್ಟಿನ ಜತೆಗೆ, ಬಿದ್ದರೆ ಇಂಜಿನ್ ನಿಲ್ಲಿಸುವ ಕೈಪಟ್ಟಿಯ ದಾರವನ್ನು ಯಾರೂ ಹ್ಯಾಂಡಲಿಗೆ ಸುತ್ತಿಡಬಾರದು, ಓಡಿಸುವವರ ಕೈಗೇ ಇರಬೇಕು.

"ನಮ್ಮದು ಹೊಳೆ, ಸಮುದ್ರವಲ್ಲ" ಎಂದು ತೊಳೆಯುವುದನ್ನು ಬಿಡಬೇಡಿ. ಬೇಸಗೆಯಲ್ಲಿ ಭರತದ ಜತೆ ಉಪ್ಪು ಎಷ್ಟು ಮೇಲಕ್ಕೆ ಬರುತ್ತದೆ ಎಂದು ನಿಮ್ಮ ದಡದ ಬಾವಿಯವರನ್ನು ಕೇಳಿದರೆ ಗೊತ್ತಾಗುತ್ತದೆ. ಪ್ರತಿ ದಿನದ ಓಟ ಮುಗಿದ ಮೇಲೆ ಪೈಪ್ ಜೋಡಿಸಿ, ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ. ಮೂರು ನಿಮಿಷ ಐಡಲಿನಲ್ಲಿ ಓಡಲಿ. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಹತ್ತು ಹದಿನೈದು ಸೆಕೆಂಡ್ ಥ್ರಾಟಲ್ ಆಡಿಸಿ ನೀರು ಹೊರಗೆ ಹಾಕಿ, ಆಮೇಲೆ ಇಂಜಿನ್ ಬಂದ್. ಈ ಕ್ರಮವನ್ನು ಒಂದು ಹಲಗೆಯಲ್ಲಿ ಬರೆದು ನಲ್ಲಿಯ ಪಕ್ಕವೇ ತೂಗು ಹಾಕಿ, ತೊಳೆಯುವ ಹುಡುಗ ಬದಲಾದರೂ ಕ್ರಮ ಬದಲಾಗಬಾರದು.

ನಾಲ್ಕು ಸಿಲಿಂಡರಿನ ಕಂಪ್ರೆಶನ್ ಅಂಕಿ, ಯಾವ ಎರಡರಲ್ಲಿ ನೀರಿತ್ತು, ಕಡ್ಡಿಯ ಗುರುತಿನ ವ್ಯತ್ಯಾಸ ಎಷ್ಟು, ಏರ್ ಬಾಕ್ಸಿನ ತಳದಲ್ಲಿ ಏನು ಕಂಡಿತು, ಇಷ್ಟನ್ನು ಬರೆದು ಕಳುಹಿಸಿ. ಹೆಡ್ ಇಳಿಸಬೇಕೋ ಬೇಡವೋ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.